ಕಾಡ್ಗಿಚ್ಚು ಕಾಯುವ ಬೆಟ್ಟದ ಮನೆಗೆ ನಾಲ್ಕೂ ಕಡೆ ಗಾಜು ಏಕೆ?

ಒಳಗಿರುವ ಕಾವಲುಗಾರರಿಗೆ ಯಾವ ದಿಕ್ಕಿನ ಹೊಗೆಯೂ ತಪ್ಪಬಾರದು, ಅದಕ್ಕೆ. ನಮ್ಮ ಚಿತ್ರದುರ್ಗದ ತುಪ್ಪದ ಕೊಳದ ಬತೇರಿ (ಕೋಟೆಯ ಕಾವಲು ಬುರುಜು) ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ನಿಂತರೆ ಕೋಟೆ, ಊರು ಎಲ್ಲ ಕಾಣುತ್ತದೆ, ಅಲ್ವಾ?

ನೀವು ಕೇಳಿದ ಗಾಜಿನ ಮನೆಗಳು ಅಮೆರಿಕದವು. ಅಲ್ಲಿ 1910ರ ಕಾಡ್ಗಿಚ್ಚು ಸುಮಾರು 30 ಲಕ್ಷ ಎಕರೆ ಸುಟ್ಟಿತು. ಆಮೇಲೆ ಇವು ಜಾಸ್ತಿಯಾದವು. ಹೆಸರಾದ ಒಂದು ಮಾದರಿ 14 ಅಡಿ ಉದ್ದ, 14 ಅಡಿ ಅಗಲದ ಒಂದೇ ಕೋಣೆ. ಮಲಗುವುದು, ಅಡುಗೆ ಎಲ್ಲ ಅದರಲ್ಲೇ.

ಕೋಣೆಯ ನಡುವೆ ಒಂದು ದುಂಡು ನಕ್ಷೆ, ಅದರ ಸುತ್ತ ತಿರುಗುವ ಗುರಿಪಟ್ಟಿ. ಹೊಗೆಗೆ ಗುರಿ ಹಿಡಿದರೆ ಅದು ಎಷ್ಟು ಡಿಗ್ರಿಯಲ್ಲಿದೆ ಅಂತ ಸಿಗುತ್ತದೆ. ಆದರೆ ಬರೀ ದಿಕ್ಕು ಸಾಲದು, ದೂರವೂ ಗೊತ್ತಾಗಬೇಕಲ್ಲ. ಇನ್ನೊಂದು ಬೆಟ್ಟದವರು ಅದೇ ಹೊಗೆಯನ್ನು ಅಳೆದು ಫೋನಿನಲ್ಲಿ ಹೇಳುತ್ತಿದ್ದರು. ಎರಡೂ ಗೆರೆಗಳನ್ನು ನಕ್ಷೆಯಲ್ಲಿ ಎಳೆದರೆ, ಅವು ಕೂಡುವ ಜಾಗದಲ್ಲೇ ಬೆಂಕಿ! ಇಷ್ಟು ಸರಳ ಉಪಾಯ ಎಷ್ಟು ಕಾಡು ಉಳಿಸಿದೆ ಎಂದು ನೆನೆದರೆ ನನಗೆ ಖುಷಿಯಾಗುತ್ತದೆ.

ಬೆಟ್ಟದ ತುದಿ ಅಂದಮೇಲೆ ಸಿಡಿಲಿನ ಭಯವೂ ಇದೆ. ಅದಕ್ಕೇ ಕಾಲಿಗೆ ಗಾಜು ಹಾಕಿದ ಸ್ಟೂಲು ಇರುತ್ತಿತ್ತು. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಗುಡುಗು ಮಿಂಚಿನಲ್ಲಿ ಅದರ ಮೇಲೆ ನಿಂತೇ ಕಾಯುತ್ತಿದ್ದರು.