ಸಾವಿರ ಪ್ರತಿ ಬೇಕೇ, ಮುನ್ನೂರು ಸಾಕೇ?

ಪ್ರಶ್ನೆ: ಮಾನ್ಯರೇ, ನಾನು ಬ್ರಹ್ಮಾವರದ ಹತ್ತಿರದ ಹಳ್ಳಿಯವಳು. ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ಎಳೆಯ ವಯಸ್ಸಿನಲ್ಲೇ ಮುಂಬಯಿಯ ಹೋಟೆಲುಗಳಿಗೆ ದುಡಿಯಲು ಹೋಗಿ, ಹಗಲು ತಟ್ಟೆ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದ ನಮ್ಮೂರಿನ ಹುಡುಗರ ಬದುಕನ್ನು ಕುರಿತು ಒಂದು ಕಾದಂಬರಿ ಬರೆದಿದ್ದೇನೆ. ಇಬ್ಬರು ಪ್ರಕಾಶಕರು ಹಸ್ತಪ್ರತಿಯನ್ನು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡರೂ ಉತ್ತರ ಬರೆಯಲಿಲ್ಲ. ಆದ್ದರಿಂದ ನಾನೇ ಪ್ರಕಟಿಸಬೇಕೆಂದು ನಿಶ್ಚಯಿಸಿದ್ದೇನೆ. ಡೆಮಿ 1/8 ಆಕಾರದಲ್ಲಿ 240 ಪುಟಗಳಾಗುತ್ತವೆ. 300 ಪ್ರತಿ ಮಾಡಿಸಿದರೆ ಒಂದಕ್ಕೆ ₹110, 1000 ಪ್ರತಿ ಮಾಡಿಸಿದರೆ ₹72 ಬೀಳುತ್ತದೆ ಎಂದು ಮುದ್ರಕರು ಹೇಳಿದ್ದಾರೆ. ಮಗ ಸಾವಿರವೇ ಲಾಭ ಎನ್ನುತ್ತಾನೆ. ಬಿಡುಗಡೆಯನ್ನು ದೊಡ್ಡದಾಗಿ ಮಾಡಿದರೆ ಪುಸ್ತಕ ತಾನಾಗಿ ಖರ್ಚಾಗುತ್ತದೆ ಎಂದು ಗೆಳತಿಯರು ಹೇಳುತ್ತಾರೆ. ಮಾರುವ ಕೆಲಸ ನನಗೆ ಹೊಸದು. ದಾರಿ ತೋರಿಸಬೇಕು.
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕಾದಂಬರಿಯ ವಸ್ತುವನ್ನು ಹೇಳುವ ಒಂದು ವಾಕ್ಯ. ಈ ಪುಸ್ತಕ ಯಾರ ಕೈ ಸೇರಬೇಕು ಎಂಬುದು ಆ ವಾಕ್ಯದಲ್ಲೇ ಇದೆ. ಎಷ್ಟು ಪ್ರತಿ ಅಚ್ಚು ಹಾಕಿಸಬೇಕು ಎಂಬ ಲೆಕ್ಕವನ್ನು ಮುದ್ರಕರ ದರಪಟ್ಟಿ ಹಿಡಿದು ಮಾಡಬೇಡಿ, ಓದುಗರ ಪಟ್ಟಿ ಹಿಡಿದು ಮಾಡಿ. ಸ್ವಂತ ಖರ್ಚಿನಲ್ಲಿ ಪ್ರಕಟಿಸುವುದಕ್ಕೆ ಅಳುಕುವ ಕಾರಣವೂ ಇಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದ ಕಾಲದಲ್ಲಿ ತಮ್ಮದೇ ಹರ್ಷ ಪ್ರಕಟಣಾಲಯದಿಂದ ಪುಸ್ತಕಗಳನ್ನು ಹೊರತಂದವರು.

ನಿಮ್ಮ ಮಗ ಹೇಳುವ ಲಾಭವನ್ನು ಕಾಗದದ ಮೇಲಿಟ್ಟು ನೋಡೋಣ. ಬೆಲೆಯನ್ನು ₹260 ಎಂದು ಇರಿಸಿಕೊಳ್ಳಿ. ಪುಸ್ತಕದಂಗಡಿಯವರು ಸಾಮಾನ್ಯವಾಗಿ 30ರಿಂದ 40 ಶೇಕಡಾ ಕಮಿಷನ್ ಕೇಳುತ್ತಾರೆ, ಹಲವು ಊರುಗಳಿಗೆ ಹಂಚುವ ವಿತರಕರು ಅದಕ್ಕೂ ಹೆಚ್ಚು ಕೇಳುವುದುಂಟು. 40 ಶೇಕಡಾ ಬಿಟ್ಟರೆ ನಿಮ್ಮ ಕೈಗೆ ಬರುವುದು ₹156. 300 ಪ್ರತಿಗಳಿಗೆ ಹಾಕಿದ ₹33,000 ಮರಳಿ ಬರಬೇಕಾದರೆ ಅಂಗಡಿಗಳ ಮೂಲಕ 212 ಪ್ರತಿ ಹೋಗಬೇಕು, ಅಥವಾ ನೀವೇ ನೇರವಾಗಿ ಪೂರ್ಣ ಬೆಲೆಗೆ 127 ಪ್ರತಿ ಮಾರಬೇಕು. 1000 ಪ್ರತಿಗಳ ₹72,000 ಮರಳಬೇಕಾದರೆ ಅಂಗಡಿಗಳಲ್ಲಿ 462, ನೇರವಾಗಿ 277 ಪ್ರತಿ ಮಾರಾಟವಾಗಬೇಕು. ಪ್ರತಿಯೊಂದರ ಮೇಲೆ ₹38 ಉಳಿಯುತ್ತದೆ ಎಂಬುದು ನಿಜವೇ ಆದರೂ ಆ ಉಳಿತಾಯಕ್ಕಾಗಿ ಇನ್ನೂ ₹39,000ವನ್ನು ಮೊದಲೇ ಕಟ್ಟಬೇಕಾಗುತ್ತದೆ, ಮಾರದೆ ಉಳಿದ ಪ್ರತಿಯಲ್ಲಂತೂ ಯಾವ ಉಳಿತಾಯವೂ ಇಲ್ಲ. ಮೊದಲ ಕಾದಂಬರಿಗೆ 300 ಪ್ರತಿ ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪುಟವಿನ್ಯಾಸದ ಕಡತ ನಿಮ್ಮ ಬಳಿ ಇದ್ದರೆ ಮರುಮುದ್ರಣಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಆ ಕಡತವನ್ನು ಮುದ್ರಕರಿಂದ ಕೇಳಿ ಪಡೆದುಕೊಳ್ಳಿ. ಪುಸ್ತಕ ಮಾರುವಾಗ ಜಿಎಸ್‌ಟಿ ಇಲ್ಲ, ಆದರೆ ಮುದ್ರಣದ ಬಿಲ್ಲಿನಲ್ಲಿ ಇರುತ್ತದೆ. ಅವರು ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ಈಗಲೇ ವಿಚಾರಿಸಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಅನುಭವ ಕಾರಣ. ನನ್ನ ಮೊದಲ ಕಾದಂಬರಿಯ ಸಾವಿರ ಪ್ರತಿಗಳು ಮೇ ತಿಂಗಳ ಕೊನೆಗೆ ಮನೆಗೆ ಬಂದವು. ಕೆಳಗಿನ ಕೋಣೆಯ ನೆಲದ ಮೇಲೆ, ಗೋಡೆಗೆ ತಾಗಿಸಿ, ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4000 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಪೆಟ್ಟಿಗೆ ತೆರೆದಾಗ ಅಡಿಯ ಸಾಲಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು, ಗೋಡೆಯ ಕಡೆಯವುಗಳನ್ನು ಗೆದ್ದಲು ತಿಂದಿತ್ತು. ಒಳ್ಳೆಯ ಪ್ರತಿಗಳನ್ನು ಬೇರ್ಪಡಿಸುತ್ತ ಕುಳಿತ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ನಿಮ್ಮ ಪ್ರತಿಗಳು ಮುನ್ನೂರೇ ಇದ್ದರೂ ಅವು ಮಾಳಿಗೆಯ ಕೋಣೆಯಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಮರದ ಹಲಗೆಯ ಮೇಲೆ ಇರಲಿ. ಹತ್ತಾರು ಪ್ರತಿಗಳ ಕಟ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಿ.

ಈಗ ಓದುಗರ ಪಟ್ಟಿಗೆ ಬರೋಣ. ಒಂದು ನೋಟ್‌ಪುಸ್ತಕದಲ್ಲಿ ಹೆಸರು, ಊರು, ಫೋನ್ ಸಂಖ್ಯೆಗಳನ್ನು ಬರೆಯುತ್ತ ಹೋಗಿ. ನಿಮ್ಮ ಸಹೋದ್ಯೋಗಿ ಶಿಕ್ಷಕರು, ಈಗ ದೊಡ್ಡವರಾಗಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು, ಹೋಟೆಲ್ ಕೆಲಸದಿಂದ ಮರಳಿ ಬಂದು ಊರಲ್ಲಿ ನೆಲೆಸಿದ ಹಿರಿಯರು, ಅವರ ಮಕ್ಕಳು, ಎಲ್ಲರಿಗೂ ಅದರಲ್ಲಿ ಜಾಗವಿರಲಿ. ಕಾದಂಬರಿ ಬರೆಯುವಾಗ ನೀವು ಯಾರ ಯಾರ ಮನೆಗೆ ಹೋಗಿ ನೆನಪುಗಳನ್ನು ಕೇಳಿದಿರೋ ಅವರೆಲ್ಲರೂ ಮೊದಲ ಓದುಗರು. ಅವರಿಗೆ ಮಾತ್ರ ಪುಸ್ತಕವನ್ನು ಉಚಿತವಾಗಿ ಕೊಡಿ ಎಂದು ನಾನು ಹೇಳುತ್ತೇನೆ, ಅದು ಋಣ. ಮುಂಬಯಿಯಲ್ಲಿ ಕರಾವಳಿಯವರ ಸಂಘಗಳು ಅನೇಕ ಇವೆ. ಮಾಟುಂಗದ ಕರ್ನಾಟಕ ಸಂಘದಂಥ ಹಳೆಯ ಸಂಸ್ಥೆಗಳೂ ಅಲ್ಲಿವೆ. ಒಂದು ಪುಟದ ಪತ್ರ ಬರೆದು, ಜೊತೆಗೆ ಮೊದಲ ಅಧ್ಯಾಯವನ್ನು ಲಗತ್ತಿಸಿ ಕಳುಹಿಸಿ. ಅಲ್ಲಿ ಈಗ ಅಜ್ಜಂದಿರಾಗಿರುವ ಆ ಹುಡುಗರಿಗೆ ನಿಮ್ಮ ಪುಸ್ತಕದ ಸುದ್ದಿ ತಲುಪುವುದು ಬೆಂಗಳೂರಿನ ಯಾವ ವಿತರಕರಿಗಿಂತಲೂ ಈ ಪತ್ರದಿಂದಲೇ.

ಪಟ್ಟಿ ಸಿದ್ಧವಾದ ಮೇಲೆ, ಅಚ್ಚಿಗೆ ಕೊಡುವುದಕ್ಕೆ ಒಂದೂವರೆ ಅಥವಾ ಎರಡು ತಿಂಗಳು ಮೊದಲು, ಪ್ರಕಟಣಪೂರ್ವ ಬೆಲೆಯನ್ನು ಸಾರಿರಿ. ₹260ರ ಪುಸ್ತಕವನ್ನು ಮುಂಗಡ ಕೊಟ್ಟವರಿಗೆ ₹200ಕ್ಕೆ ಕೊಡುವುದಾಗಿ ಹೇಳಿ, ಕೊನೆಯ ದಿನಾಂಕವನ್ನೂ ತಿಳಿಸಿ. ಕನ್ನಡದಲ್ಲಿ ಇದು ಹಳೆಯ ಪದ್ಧತಿ. ಈಗ ಯುಪಿಐ ಮೂಲಕ ಹಣ ಪಡೆಯುವುದು ಸುಲಭವಾಗಿರುವುದರಿಂದ ಮನಿ ಆರ್ಡರಿನ ಕಾಲಕ್ಕಿಂತ ಇದು ಇನ್ನಷ್ಟು ಅನುಕೂಲ. ಎಂಬತ್ತು ಜನ ಮುಂಗಡ ಕೊಟ್ಟರೆ ಮುದ್ರಣದ ವೆಚ್ಚದ ಅರ್ಧಕ್ಕೆ ಹತ್ತಿರದ ಹಣ ಮೊದಲೇ ಕೈಯಲ್ಲಿರುತ್ತದೆ. ಇಪ್ಪತ್ತೇ ಜನ ಕೊಟ್ಟರೆ ಪಟ್ಟಿಯನ್ನು ಮತ್ತೆ ಬೆಳೆಸಬೇಕು ಎಂಬುದು ಅಚ್ಚಿಗೆ ಮೊದಲೇ ತಿಳಿಯುತ್ತದೆ.

ಬಿಡುಗಡೆ ಯಾವಾಗ ಎಂಬುದನ್ನೂ ಯೋಚಿಸಿ. ಡಿಸೆಂಬರ್ ಕೊನೆಯಲ್ಲಿ ಹೊರಬಂದ ಪುಸ್ತಕ ಹದಿನೈದು ದಿನಗಳಲ್ಲಿ ಹಿಂದಿನ ವರ್ಷದ ಪುಸ್ತಕವಾಗುತ್ತದೆ, ಪ್ರಶಸ್ತಿಗಳಿಗೂ ಗ್ರಂಥಾಲಯದ ಆಯ್ಕೆಗೂ ಪ್ರಕಟವಾದ ವರ್ಷವೇ ಲೆಕ್ಕಕ್ಕೆ ಬರುವುದರಿಂದ ಇದು ಸಣ್ಣ ಸಂಗತಿಯಲ್ಲ. ನಿಮ್ಮ ಕಾದಂಬರಿಗೆ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗಿನ ಕಾಲ ಉತ್ತಮ. ಮುಂಬಯಿಯವರು ರಜೆಯಲ್ಲಿ ಮದುವೆ, ಗೃಹಪ್ರವೇಶ, ದೈವಗಳ ನೇಮ, ನಾಗಾರಾಧನೆಗಳಿಗೆಂದು ಊರಿಗೆ ಬಂದಿರುವ ದಿನಗಳವು. ಮೇ ಕೊನೆಯ ವಾರದ ಪತ್ತನಾಜೆಯ ನಂತರ ಬಯಲಿನ ಯಕ್ಷಗಾನ ಆಟ, ಉತ್ಸವಗಳು ನಿಲ್ಲುತ್ತವೆ, ಮಳೆಯೂ ಹಿಡಿಯುತ್ತದೆ. ಅಷ್ಟರೊಳಗೆ ಅರ್ಧದಷ್ಟು ಪ್ರತಿಗಳು ಮನೆಯಿಂದ ಹೊರಗೆ ಹೋಗಿರಬೇಕು.

ದೊಡ್ಡ ಸಮಾರಂಭದ ವಿಷಯದಲ್ಲಿ ನಿಮ್ಮ ಗೆಳತಿಯರ ಮಾತನ್ನು ನಾನು ಒಪ್ಪುವುದಿಲ್ಲ. ಸಭಾಂಗಣದ ಬಾಡಿಗೆ, ಶಾಲು, ಸ್ಮರಣಿಕೆ, ಊಟ, ಆಮಂತ್ರಣ ಪತ್ರಿಕೆ ಎಂದು ಖರ್ಚು ಮಾಡಿ, ವೇದಿಕೆಯ ಮೇಲಿನ ಎಂಟು ಗಣ್ಯರಿಗೆ ಪುಸ್ತಕ ಹಂಚಿ, ಎದುರಿಗೆ ಕುಳಿತ ನೂರು ಜನರಲ್ಲಿ ಹತ್ತು ಜನ ಕೊಂಡರೆ ಅದು ಪುಸ್ತಕಕ್ಕೆ ಆದ ನಷ್ಟ. ಅದರ ಬದಲು ನಿಮ್ಮ ಶಾಲೆಯ ಅಂಗಳದಲ್ಲೋ ಊರಿನ ಯುವಕ ಮಂಡಲದ ಕಟ್ಟಡದಲ್ಲೋ ಒಂದು ಸಂಜೆ ಸೇರಿಸಿ. ಹೋಟೆಲಿನಲ್ಲಿ ದುಡಿದ ಇಬ್ಬರು ಹಿರಿಯರು ತಮ್ಮ ನೆನಪುಗಳನ್ನು ಹೇಳಲಿ, ನೀವು ಹತ್ತು ಪುಟ ಓದಿ. ಬಾಗಿಲ ಬಳಿ ಮೇಜು ಹಾಕಿ, ಚಿಲ್ಲರೆ ಮತ್ತು ಕ್ಯೂಆರ್ ಕೋಡ್ ಇಟ್ಟುಕೊಂಡು ಒಬ್ಬರು ಕೊನೆಯವರೆಗೂ ಕುಳಿತಿರಬೇಕು. ಅನೇಕ ಸಭೆಗಳಲ್ಲಿ ಆ ಮೇಜಿನ ಬಳಿ ಜನ ಬಂದಾಗ ಮಾರುವವರೇ ಊಟಕ್ಕೆ ಹೋಗಿರುವುದನ್ನು ಕಂಡಿದ್ದೇನೆ.

ಅಂಗಡಿಗಳನ್ನು ಕಡೆಗಣಿಸಬೇಡಿ, ಆದರೆ ಅವುಗಳ ಸಂಖ್ಯೆ ನೀವು ಸ್ವತಃ ಹೋಗಿ ಬರಬಹುದಾದಷ್ಟೇ ಇರಲಿ. ಉಡುಪಿಯಲ್ಲಿ ಎರಡು, ಕುಂದಾಪುರದಲ್ಲಿ ಒಂದು, ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ ಎರಡು ಅಂಗಡಿಗಳಲ್ಲಿ ಐದೈದು ಪ್ರತಿ ಇಟ್ಟರೆ ಸಾಕು. ಮಾರಾಟವಾದ ಮೇಲೆ ಹಣ ಎಂಬ ಕರಾರಿನಲ್ಲಿ ಕೊಡುವುದಾದರೆ ಚಲನ್ ಬರೆದು, ಪ್ರತಿಗಳ ಸಂಖ್ಯೆ, ಕಮಿಷನ್, ತಾರೀಖು ನಮೂದಿಸಿ ಸಹಿ ಹಾಕಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಹೋಗಿ ಲೆಕ್ಕ ನೋಡಿ. ಇದರಲ್ಲಿ ಸಂಕೋಚ ಸಲ್ಲದು. ಲೆಕ್ಕ ಕೇಳುವ ಲೇಖಕರ ಪುಸ್ತಕವನ್ನು ಅಂಗಡಿಯವರು ಎದುರಿನ ಸಾಲಿನಲ್ಲಿ ಇಡುತ್ತಾರೆ.

ಹೊರ ಊರಿಗೆ ಕಳುಹಿಸಲು ಅಂಚೆಯೇ ಅಗ್ಗ. ಹಳೆಯ ನೋಂದಾಯಿತ ಪುಸ್ತಕ ಅಂಚೆ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಆರಂಭವಾಗಿದೆ, ಅದರಲ್ಲಿ 300 ಗ್ರಾಂವರೆಗೆ ₹20, 5 ಕಿಲೋವರೆಗೆ ₹100 ಮತ್ತು ತೆರಿಗೆ ಎಂದು ದರ ನಿಗದಿಯಾಗಿತ್ತು. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಕೂಡದು, ವಾಣಿಜ್ಯ ಉದ್ದೇಶದ ಪ್ರಕಟಣೆಗೆ ಅದು ಸಲ್ಲದು ಎಂಬ ನಿಯಮಗಳಿರುವುದರಿಂದ ನಿಮ್ಮ ಪುಸ್ತಕದ ಒಂದು ಪ್ರತಿಯನ್ನು ಅಂಚೆ ಕಚೇರಿಯಲ್ಲಿ ತೋರಿಸಿ ಮೊದಲೇ ಕೇಳಿಕೊಳ್ಳಿ. ಇಲ್ಲಿ ಕಾಗದದ ಆಯ್ಕೆಯೂ ಸೇರಿಕೊಳ್ಳುತ್ತದೆ. 240 ಪುಟದ ಡೆಮಿ ಪುಸ್ತಕ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಕಾಗದದಲ್ಲಿ ರಕ್ಷಾಪುಟ ಸೇರಿ ಸುಮಾರು 275 ಗ್ರಾಂ ತೂಗುತ್ತದೆ. 80 ಜಿಎಸ್‌ಎಂ ಆರಿಸಿದರೆ 300 ಗ್ರಾಂ ದಾಟುತ್ತದೆ. ಕಾಗದವನ್ನು ಗೊತ್ತುಮಾಡುವ ಮೊದಲು ಲಕೋಟೆಯ ತೂಕವನ್ನೂ ಸೇರಿಸಿ ನೋಡಿ.

ಐಎಸ್‌ಬಿಎನ್ ಸಂಖ್ಯೆಗೆ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಯಾರಿಗೂ ಹಣ ಕೊಡಬೇಕಾಗಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯು ಅದನ್ನು ಲೇಖಕರಿಗೂ ಉಚಿತವಾಗಿ ಕೊಡುತ್ತದೆ, ಅರ್ಜಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬಹುದು. ಅನುಮೋದನೆಗೆ ಸಮಯ ಹಿಡಿಯುವುದರಿಂದ ಈ ವಾರವೇ ಆರಂಭಿಸಿ. ಪುಸ್ತಕ ಬಂದ 30 ದಿನಗಳೊಳಗೆ ಕೋಲ್ಕತದ ರಾಷ್ಟ್ರೀಯ ಗ್ರಂಥಾಲಯಕ್ಕೂ 1954ರ ಕಾಯ್ದೆಯಡಿ ಗೊತ್ತುಪಡಿಸಿರುವ ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸುವುದು ಪ್ರಕಾಶಕರ ಹೊಣೆ. ಈಗ ಆ ಪ್ರಕಾಶಕರು ನೀವೇ. ವಿಮರ್ಶೆಗೆಂದು ಇಪ್ಪತ್ತು ಪ್ರತಿಗಳನ್ನು ಬೇರೆ ತೆಗೆದಿಟ್ಟು, ಪತ್ರಿಕೆಗಳ ಸಾಪ್ತಾಹಿಕ ಪುರವಣಿಗಳಿಗೂ ಮಂಗಳೂರು ಆಕಾಶವಾಣಿಗೂ ಕಳುಹಿಸಿ. ಪತ್ರಿಕೆಗಳು ತಮಗೆ ಬಂದ ಪುಸ್ತಕಗಳನ್ನು ಹೆಸರಿಸುವ ‘ಸಾದರ ಸ್ವೀಕಾರ’ದಲ್ಲಿ ಎರಡು ಸಾಲು ಬಂದರೂ ಅದರ ಚಿತ್ರವನ್ನು ನಿಮ್ಮ ಪಟ್ಟಿಯವರಿಗೆಲ್ಲ ವಾಟ್ಸ್ಆ್ಯಪ್ ಮಾಡಬಹುದು.

ಪ್ರಶ್ನೆ: ಸಾರ್ವಜನಿಕ ಗ್ರಂಥಾಲಯ ಇಲಾಖೆ 300 ಪ್ರತಿ ಕೊಳ್ಳುತ್ತದೆ ಎಂಬ ಭರವಸೆಯಿಂದ ಕಾದಂಬರಿ ಅಚ್ಚು ಹಾಕಿಸಬಹುದೇ?
– ಓದುಗರು, ಕಾರ್ಕಳ

ಉತ್ತರ: ಅರ್ಜಿ ಹಾಕಿ, ಆದರೆ ಆ ಭರವಸೆಯ ಮೇಲೆ ಸಾಲ ಮಾಡಬೇಡಿ. ಇಲಾಖೆ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕವನ್ನು ಆಯ್ಕೆ ಮಾಡುವುದು ಸಮಿತಿ, ಬೆಲೆಯನ್ನು ನಿರ್ಧರಿಸುವುದು ನಿಮ್ಮ ಮುಖಬೆಲೆಯಲ್ಲ, ಪುಟಕ್ಕೆ ಇಷ್ಟು ಎಂದು ಇಲಾಖೆ ಗೊತ್ತುಮಾಡಿದ ದರ. ಆಯ್ಕೆಯಾಗಿ, ಪ್ರತಿಗಳನ್ನು ಕಳುಹಿಸಿ, ಹಣ ಕೈಸೇರುವವರೆಗೆ ಬಹಳ ಕಾಲ ಹಿಡಿಯಬಹುದು. ಹಾಗೆ ಬಂದ ಹಣವನ್ನು ಎರಡನೆಯ ಮುದ್ರಣಕ್ಕೆ ಎಂದು ಎಣಿಸಿಕೊಳ್ಳುವುದು ಕ್ಷೇಮ. ಅರ್ಜಿಯ ಪ್ರಕಟಣೆ ಬಂದಾಗ ಕೊನೆಯ ದಿನಕ್ಕೆ ಕಾಯದೆ, ಕೇಳಿದ ಎಲ್ಲ ದಾಖಲೆಗಳ ಪ್ರತಿಯನ್ನು ನಿಮ್ಮಲ್ಲಿಯೂ ಇಟ್ಟುಕೊಂಡು ಸಲ್ಲಿಸಿ.

ಪ್ರಶ್ನೆ: ನನ್ನ ಕಾದಂಬರಿಯ ಮುದ್ರಿತ ಪ್ರತಿಗಳು ಮುಗಿದಿವೆ. ಇ-ಪುಸ್ತಕ ಮಾಡಿಸಲು ಕೊಟ್ಟರೆ ಅಕ್ಷರಗಳೆಲ್ಲ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತಿವೆ. ಏನು ಮಾಡಲಿ?
– ಓದುಗರು, ಸುರತ್ಕಲ್

ಉತ್ತರ: ನಿಮ್ಮ ಪುಟವಿನ್ಯಾಸ ‘ನುಡಿ’ ತಂತ್ರಾಂಶದಲ್ಲಿರುವಂಥ ಹಳೆಯ ಅಕ್ಷರಶೈಲಿಯಲ್ಲಿ (ಫಾಂಟ್) ಆಗಿರಬೇಕು. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದಂಥವು, ಆ ಫಾಂಟ್ ಇಲ್ಲದ ಕಡೆ ಕನ್ನಡ ಕಾಣಿಸದು. ಪಠ್ಯವನ್ನು ಎಲ್ಲ ಕಡೆಯೂ ಕಾಣಿಸುವ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತನೆಯಾದ ಮೇಲೆ ಇಡೀ ಕಾದಂಬರಿಯನ್ನು ಮತ್ತೊಮ್ಮೆ ಕರಡು ತಿದ್ದಲೇಬೇಕು. ಅರ್ಕಾವೊತ್ತು, ಎರಡು ಒತ್ತುಗಳಿರುವ ಅಕ್ಷರಗಳು, ದೀರ್ಘದ ಗುರುತುಗಳು, ಉದ್ಧರಣ ಚಿಹ್ನೆಗಳು ಇವೇ ಹೆಚ್ಚಾಗಿ ಕೆಡುವ ಜಾಗಗಳು. ಇ-ಪುಸ್ತಕಕ್ಕೆ ಐಎಸ್‌ಬಿಎನ್ ಬೇಕಿದ್ದರೆ ಮುದ್ರಿತ ಪ್ರತಿಯ ಸಂಖ್ಯೆಯನ್ನೇ ಬಳಸದೆ ಬೇರೆಯದನ್ನು ಪಡೆಯಬೇಕು. ತಿದ್ದಿದ ಯೂನಿಕೋಡ್ ಪಠ್ಯವನ್ನು ಎರಡು ಕಡೆ ಉಳಿಸಿಡಿ, ಮುಂದೆ ಮರುಮುದ್ರಣ ಮಾಡಿಸುವುದಾದರೆ ಅದನ್ನೇ ಮುದ್ರಕರಿಗೆ ಕೊಡಬಹುದು.