ತೈಲಬಾವಿಯ ಕ್ರೇನ್ ಲಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಊರಿನಲ್ಲಿ ಬೋರ್‌ವೆಲ್ ಪಂಪ್ ಎತ್ತುವ ಗಾಡಿ ನಡೆಸಿದ್ದೇನೆ. ಈಗ ಒಮಾನ್‌ನ ತೈಲಬಾವಿಗಳಲ್ಲಿ ಕ್ರೇನ್ ಲಾರಿ ನಡೆಸುವ ಕೆಲಸ ಸಿಕ್ಕಿದೆ. ಎರಡೂ ಒಂದೇ ಬಗೆಯ ಕೆಲಸವೇ? 10 ಟನ್ ಕ್ರೇನ್ ಎಂದರೆ 10 ಟನ್ ಎತ್ತಬಹುದೇ?
— ಗಂಗಾವತಿಯ ಓದುಗರು

ಉತ್ತರ: ಪೈಪಿಗೆ ಕ್ಲ್ಯಾಂಪ್ ಹಾಕಿ ಒಂದೊಂದಾಗಿ ಬಿಚ್ಚುವ ಕೈಚಳಕ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಆದರೆ ಭಾರದ ಲೆಕ್ಕವೇ ಬೇರೆ. ಪಂಪನ್ನು ಮೇಲೆ ಕೆಳಗೆ ಆಡಿಸುವ ಸಕ್ಕರ್ ರಾಡುಗಳು ಸಾಮಾನ್ಯವಾಗಿ 25 ಅಡಿ ಉದ್ದ ಇರುತ್ತವೆ. 7/8 ಇಂಚಿನ ರಾಡು ಮೀಟರಿಗೆ ಸುಮಾರು 3.3 ಕೆಜಿ ತೂಗುತ್ತದೆ, 1,200 ಮೀಟರ್ ಆಳಕ್ಕೆ ಹತ್ತಿರ ಹತ್ತಿರ 4 ಟನ್ ಆಯಿತು. ಅದರ ಹೊರಗಿನ, ತೈಲ ಮೇಲೆ ಬರುವ 2 7/8 ಇಂಚಿನ ಕೊಳವೆ, ಅಂದರೆ ಟ್ಯೂಬಿಂಗ್, ಮೀಟರಿಗೆ 9.7 ಕೆಜಿಯಂತೆ ಇನ್ನೂ 11.6 ಟನ್. ಇಷ್ಟನ್ನು ಎಳೆಯಲು ಬಾವಿಯ ನೆತ್ತಿಗೆ ನೇರವಾಗಿ ನಿಲ್ಲುವ ಮಾಸ್ಟ್ (ಎತ್ತುವ ಗೋಪುರ) ಇರುವ ರಿಗ್ ಬೇರೆಯೇ ಇರುತ್ತದೆ. ನಿಮ್ಮ ಕ್ರೇನಿನ ಪಾಲಿಗೆ ಬರುವುದು ಬ್ಲೋಔಟ್ ಪ್ರಿವೆಂಟರ್ (ತೈಲ, ಗ್ಯಾಸು ಹೊರಚಿಮ್ಮದಂತೆ ಬಾವಿಯ ಬಾಯಿ ಮುಚ್ಚುವ ಭಾರೀ ವಾಲ್ವ್) ಕೂರಿಸುವುದು, ತಂತಿಗೆ ಕಟ್ಟಿ ಉಪಕರಣವನ್ನು ಬಾವಿಗಿಳಿಸುವ ವೈರ್‌ಲೈನ್ ಕೆಲಸದಲ್ಲಿ ಆ ಉಪಕರಣ ಹಾದುಹೋಗುವ ಲುಬ್ರಿಕೇಟರ್ ಕೊಳವೆಯನ್ನು ನೆಟ್ಟಗೆ ಹಿಡಿಯುವುದು, ರಾಡುಗಳನ್ನು ಆಡಿಸುವ ಯಂತ್ರದ ಮೋಟಾರ್, ಗೇರ್‌ಬಾಕ್ಸ್, ಕೌಂಟರ್‌ವೇಟ್ ಬದಲಿಸುವುದು. ಮರಳಿನಲ್ಲಿ ಸಿಕ್ಕಿಕೊಂಡ ಪಂಪನ್ನು ಕ್ರೇನಿನ ತೋಳಾದ ಬೂಮಿನಿಂದ ಜಗ್ಗಿ ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ಸಿಕ್ಕಿದ್ದು ಥಟ್ಟನೆ ಬಿಟ್ಟುಕೊಂಡರೆ ಬೂಮ್ ಹಿಂದಕ್ಕೆ ಚಿಮ್ಮುತ್ತದೆ.

ಇನ್ನು ಟನ್ನಿನ ಮಾತು. ಫಲಕದ ಮೇಲಿರುವ 10 ಟನ್, ಬೂಮ್ ತೀರಾ ಹತ್ತಿರವಿರುವಾಗಿನ ಅಂಕಿ. 3 ಮೀಟರಿನಲ್ಲಿ 10 ಟನ್ ಎತ್ತುವ ಕ್ರೇನು 6 ಮೀಟರಿನಲ್ಲಿ 5 ಟನ್ ಕೂಡ ಎತ್ತದೆ ಹೋಗಬಹುದು, ಏಕೆಂದರೆ ಚಾಚಿದ ಬೂಮಿನ ಸ್ವಂತ ತೂಕವನ್ನೂ ಅದೇ ಹೊರಬೇಕು. ದೂರವನ್ನು ಲಾರಿಯ ಅಂಚಿನಿಂದಲ್ಲ, ಕ್ರೇನ್ ತಿರುಗುವ ನಡುಬಿಂದುವಿನಿಂದ ಅಳೆಯಿರಿ. ಬಾವಿಯ ಬಾಯಿಯ ಸುತ್ತ ಸೆಲ್ಲರ್ ಎನ್ನುವ ಗುಂಡಿ ಇರುವುದರಿಂದ ಲಾರಿ ಹಿಂದೆ ನಿಲ್ಲಬೇಕಾಗುತ್ತದೆ, ಬೇಡವೆಂದರೂ ದೂರ ಹೆಚ್ಚುತ್ತದೆ. ಭಾರ ಬಿದ್ದ ಮೇಲೆ ಬೂಮ್ ಬಾಗಿ ಆ ದೂರ ಇನ್ನೂ ಸ್ವಲ್ಪ ಬೆಳೆಯುತ್ತದೆ. ಹುಕ್ ಬ್ಲಾಕ್, ಸ್ಲಿಂಗ್, ಶ್ಯಾಕಲ್‌ಗಳ ತೂಕವನ್ನೂ ಸೇರಿಸಿಕೊಂಡು ಲೋಡ್ ಚಾರ್ಟ್ (ಎಷ್ಟು ದೂರದಲ್ಲಿ ಎಷ್ಟು ಭಾರ ಎಂಬ ಪಟ್ಟಿ) ನೋಡಿ.

ಪ್ರಶ್ನೆ: ಕ್ರೇನ್ ಲಾರಿ ಮಗುಚದಂತೆ ಪಕ್ಕಕ್ಕೆ ಚಾಚಿ ಊರುವ ಔಟ್‌ರಿಗರ್ ಕಾಲು ಮರಳಿನಲ್ಲಿ ಹೂತುಹೋಗುತ್ತದೆ. ಅಡಿಯಲ್ಲಿ ಎಷ್ಟು ದೊಡ್ಡ ಹಲಗೆ ಹಾಕಬೇಕು?
— ಕುವೈತ್‌ನಲ್ಲಿರುವ ಮಂಗಳೂರಿನ ಓದುಗರು

ಉತ್ತರ: ಒಂದು ಕಾಲಿನ ಮೇಲೆ 12 ಟನ್ ಬೀಳುತ್ತದೆ ಎನ್ನಿ. ಪಾದ 30 ಸೆಂ.ಮೀ. ಚೌಕವಾಗಿದ್ದರೆ ನೆಲಕ್ಕೆ ಚದರ ಸೆಂ.ಮೀ.ಗೆ 13 ಕೆಜಿಗೂ ಹೆಚ್ಚು ಒತ್ತಡ. ಅದರಡಿ 1 ಮೀಟರ್ ಚೌಕದ ಗಟ್ಟಿ ಹಲಗೆ ಇಟ್ಟರೆ 1.2 ಕೆಜಿಗೆ ಇಳಿಯುತ್ತದೆ. ಹಲಗೆ ಬಾಗುವಷ್ಟು ತೆಳುವಾಗಿದ್ದರೆ ಭಾರವೆಲ್ಲ ನಡುವೆಯೇ ಬಿದ್ದು ಲೆಕ್ಕ ಸುಳ್ಳಾಗುತ್ತದೆ. ಸೆಲ್ಲರ್ ಎಷ್ಟು ಆಳವೋ ಅದರ ಅಂಚಿನಿಂದ ಕಡೇಪಕ್ಷ ಅಷ್ಟು ದೂರ ಇರಲಿ. ಮುಚ್ಚಿದ ಹಳೇ ಮಡ್ ಪಿಟ್ (ಬಾವಿ ಕೊರೆಯುವಾಗಿನ ಕೆಸರಿನ ಗುಂಡಿ) ಮೇಲೆ ಕಾಲು ಊರಲೇಬೇಡಿ, ಮೇಲುಪದರ ಒಣಗಿ ಗಟ್ಟಿಯಾಗಿ ಕಂಡರೂ ಒಳಗೆ ಕೆಸರೇ ಇರುತ್ತದೆ.

ಪ್ರಶ್ನೆ: ಬಾವಿಯಿಂದ ಗ್ಯಾಸ್ ಸೋರಿದರೆ ಕೀ ತೆಗೆದರೂ ಲಾರಿಯ ಎಂಜಿನ್ ನಿಲ್ಲುವುದಿಲ್ಲ ಎನ್ನುತ್ತಾರೆ. ನಿಜವೇ?
— ಬಳ್ಳಾರಿಯ ಓದುಗರು

ಉತ್ತರ: ನಿಜ. ಈ ಕೆಲಸಕ್ಕೆ ಹೋಗುವವರೆಲ್ಲ ಮೊದಲು ತಿಳಿಯಬೇಕಾದದ್ದೇ ಇದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಬೇಡ, ಒತ್ತಿದ ಗಾಳಿಯ ಬಿಸಿಯೇ ಸಾಕು. ಕೀ ತೆಗೆದರೆ ನಿಲ್ಲುವುದು ಡೀಸೆಲ್ ಪೂರೈಕೆ ಮಾತ್ರ. ಸೋರಿದ ಗ್ಯಾಸು ಏರ್ ಫಿಲ್ಟರಿನ ಮೂಲಕ ಒಳಗೆ ಬಂದರೆ ಅದೇ ಇಂಧನವಾಗಿ, ಆಕ್ಸಿಲರೇಟರಿನಿಂದ ಕಾಲು ಎತ್ತಿದರೂ ಎಂಜಿನ್ ವೇಗ ಏರುತ್ತಲೇ ಹೋಗುತ್ತದೆ. ಗಾಳಿಯಲ್ಲಿ ಮೀಥೇನ್ ಸುಮಾರು 5ರಿಂದ 15 ಶೇಕಡಾ ಇದ್ದರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ, ಆ ಕಿಡಿ ಇದೇ ಎಂಜಿನ್ನಿನಿಂದ ಬರಬಹುದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ಸಂಸ್ಕರಣಾಗಾರದ ಸ್ಫೋಟದಲ್ಲಿ 15 ಜನ ಸತ್ತರು. ಹತ್ತಿರದಲ್ಲಿ ಚಾಲೂ ಇದ್ದ ಡೀಸೆಲ್ ಪಿಕಪ್ಪೇ ಬಹುಶಃ ಕಿಡಿಯ ಮೂಲ ಎಂದು ತನಿಖೆ ಹೇಳಿತು.

ಇದಕ್ಕಿರುವ ಉಪಾಯ ಎಂಜಿನ್ನಿನ ಉಸಿರು ಕಟ್ಟುವ ಏರ್ ಶಟ್‌ಆಫ್ ವಾಲ್ವ್. ಟರ್ಬೊ, ಇಂಟರ್‌ಕೂಲರ್ ದಾಟಿದ ಮೇಲೆ, ಇನ್‌ಟೇಕ್ ಮ್ಯಾನಿಫೋಲ್ಡಿಗೆ ಆದಷ್ಟು ಹತ್ತಿರ ಅದನ್ನು ಕೂರಿಸುವುದು ಮೇಲು. ಪರೀಕ್ಷೆಯನ್ನು ಐಡಲ್‌ನಲ್ಲೇ ಮಾಡಿ, ಜೋರಾಗಿ ಓಡುವಾಗ ಮುಚ್ಚಿದರೆ ಟರ್ಬೊ ಸೀಲಿಗೆ ಪೆಟ್ಟು. ವಾಲ್ವ್ ಮುಚ್ಚಿದ ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಸಾಯಬೇಕು. ಗೊರಗೊರ ಎನ್ನುತ್ತ ಉಳಿದುಕೊಂಡರೆ ವಾಲ್ವಿನ ಆಚೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ರಬ್ಬರ್ ಹೋಸಿನ ಬಿರುಕು, ಸಡಿಲ ಕ್ಲಿಪ್ಪು, ವಾಲ್ವಿನ ಆಚೆಗೆ ಜೋಡಿಸಿರುವ ಕ್ರ್ಯಾಂಕ್‌ಕೇಸ್ ಬ್ರೀದರ್ ಪೈಪು, ಇವನ್ನು ನೋಡಿ. ವೇಗ ತಾನಾಗಿ ಏರಿದರೆ ವಾಲ್ವ್ ಎಳೆಯಿರಿ, ಗಾಳಿ ಬೀಸಿ ಬರುವ ದಿಕ್ಕಿಗೆ ಅಡ್ಡ ಸರಿದು ಹೊರಗೆ ಹೋಗಿ. ಹುಕ್ಕಿನಲ್ಲಿ ಭಾರ ನೇತಾಡುತ್ತಿದೆ ಎಂದು ಅಲ್ಲೇ ನಿಲ್ಲಬೇಡಿ. ಬೂಮ್ ಎತ್ತುವ ಸಿಲಿಂಡರಿನಲ್ಲಿ ಎಣ್ಣೆಯನ್ನು ಹಿಡಿದಿಡುವ ಹೋಲ್ಡಿಂಗ್ ವಾಲ್ವ್ ಸರಿಯಿದ್ದರೆ ಬೂಮ್ ಇದ್ದಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಹಳೇ ಲಾರಿಗೆ ಕ್ರೇನ್ ಕೂರಿಸುವಾಗ ಚಾಸಿಗೆ ನೇರವಾಗಿ ವೆಲ್ಡ್ ಮಾಡಬಹುದೇ?
— ಹುಬ್ಬಳ್ಳಿಯ ಫ್ಯಾಬ್ರಿಕೇಟರ್

ಉತ್ತರ: ಬೇಡ. ಚಾಸಿಯ ಮೇಲಿನ, ಕೆಳಗಿನ ಮಡಿಕೆಗೆ ವೆಲ್ಡ್ ತಾಗಿದರೆ, ರಂಧ್ರ ಕೊರೆದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಕ್ರೇನಿಗೂ ಚಾಸಿಗೂ ನಡುವೆ ಸಬ್‌ಫ್ರೇಮ್ ಎನ್ನುವ ಚೌಕಟ್ಟು ಮಾಡಿ, ಚಾಸಿಯ ಪಕ್ಕದ ನಿಂತ ಗೋಡೆಗೆ ಪ್ಲೇಟಿಟ್ಟು ಬೋಲ್ಟ್ ಹಾಕಿ. ಯು-ಬೋಲ್ಟ್ ಬಳಸಿದರೆ ಚಾಸಿಯ ಒಳಗೆ ಉಕ್ಕಿನ ಅಡ್ಡತುಂಡು ಕೊಡಿ, ಇಲ್ಲವಾದರೆ ಬಿಗಿಯುವಾಗ ಮಡಿಕೆ ಒಳಕ್ಕೆ ಬಾಗುತ್ತದೆ. ಕ್ಯಾಬಿನ್ ಹಿಂದೆ ಸಬ್‌ಫ್ರೇಮಿನ ತುದಿಯನ್ನು ಇಳಿಜಾರಾಗಿ ಕತ್ತರಿಸಿ, ಮೊಂಡಾಗಿ ಬಿಟ್ಟರೆ ಚಾಸಿ ಅಲ್ಲಿಯೇ ಸೀಳುತ್ತದೆ. ಕ್ರೇನ್ ಕೂರಿಸಿದ ಮೇಲೆ ಪ್ರತಿ ಆಕ್ಸೆಲನ್ನೂ ಬೇರೆ ಬೇರೆಯಾಗಿ ತೂಗಿಸಿ. ಕೆಲವು ವಾರ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಯಿರಿ. ಗಾಡಿಯ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆಯನ್ನು ಕೆಲಸ ಶುರು ಮಾಡುವ ಮುಂಚೆಯೇ ಪಡೆಯಿರಿ.