ಕೇರ್‌ಗೆ ಶಾಪವಿಮೋಚನೆ ಬೇಡ

ಐರಿಷ್ ಪುರಾಣದ ದೇವತೆ ಏಂಗಸ್ ಮತ್ತು ಅವನು ಪ್ರೀತಿಸುವ ಹಂಸಕನ್ಯೆ ಕೇರ್ ಕಥೆಯನ್ನು ಪ್ರೇಮ ಕಾದಂಬರಿಯಾಗಿ ಬರೆಯುತ್ತಿದ್ದೇನೆ, ಕೊನೆಗೆ ಒಂದು ಮುತ್ತಿನಿಂದ ಅವಳ ಹಂಸರೂಪ ಕಳಚಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮೂಲದಲ್ಲಿ ಶಾಪದ ಮಾತೇ ಇಲ್ಲ. ಒಂದು ವರ್ಷ ಹೆಣ್ಣಾಗಿ, ಮರುವರ್ಷ ಹಕ್ಕಿಯಾಗಿ ಇರುವವಳು ಅವಳು. ಮಗಳ ಶಕ್ತಿ ತನಗಿಂತ ದೊಡ್ಡದು, ಅವಳನ್ನು ಕೊಡುವುದು ತನ್ನ ಕೈಲಿಲ್ಲ ಎಂದು ಅಪ್ಪನೇ ಒಪ್ಪಿಕೊಳ್ಳುತ್ತಾನೆ.

ಏಂಗಸ್ ಕನಸಿನಲ್ಲಿ ಅವಳನ್ನು ಕಂಡು ಹಾಸಿಗೆ ಹಿಡಿಯುವ ಭಾಗವನ್ನು ಬೇಗ ಮುಗಿಸಿ, ಸರೋವರದ ದೃಶ್ಯಕ್ಕೆ ಪುಟ ಕೊಡಿ. ಚಳಿಗಾಲದ ಆರಂಭದಲ್ಲಿ ಬರುವ ಸೌವಿನ್ ಹಬ್ಬದ ಹೊತ್ತು. ನೀರಿನ ಮೇಲೆ ಬೆಳ್ಳಿ ಸರಪಳಿ ತೊಟ್ಟ 150 ಹಂಸಗಳು, ಅವುಗಳಲ್ಲಿ ಕೇರ್ ಕೂಡ ಒಬ್ಬಳು. ಅವನು ಕರೆಯುತ್ತಾನೆ. ಮತ್ತೆ ನೀರಿಗೆ ಮರಳಲು ಬಿಡುವುದಾದರೆ ಬರುತ್ತೇನೆ ಎನ್ನುತ್ತಾಳೆ. ಅವನು ಮಾತು ಕೊಡುತ್ತಾನೆ, ಆಮೇಲೆ ತಾನೂ ಹಂಸವಾಗುತ್ತಾನೆ! ನನ್ನ ಮಟ್ಟಿಗೆ ಇಡೀ ಪ್ರೇಮಕಥೆ ಇರುವುದೇ ಆ ಷರತ್ತಿನಲ್ಲಿ. ಇಬ್ಬರೂ ಸರೋವರವನ್ನು ಮೂರು ಸುತ್ತು ಸುತ್ತಿ, ಬಾಯ್ನ್ ನದಿ ತೀರದ ಅವನ ಮನೆಗೆ, ಅಂದರೆ ಇಂದಿನ ನ್ಯೂಗ್ರೇಂಜ್ ಎಂಬ ಪ್ರಾಚೀನ ಸಮಾಧಿ ದಿಬ್ಬಕ್ಕೆ, ಹಾರುತ್ತಾರೆ. ಅಲ್ಲಿ ಅವರ ಹಾಡು ಕೇಳಿದವರು ಮೂರು ಹಗಲು ಮೂರು ರಾತ್ರಿ ನಿದ್ದೆಹೋಗುತ್ತಾರೆ.

ಆ ಅಧ್ಯಾಯವನ್ನು ಕೇರ್ ಕಣ್ಣಿನಿಂದ ಬರೆದು ನೋಡಿ. ಮೂಲದಲ್ಲಿ ಅವಳಿಗೆ ಮಾತು ಬಹಳ ಕಡಿಮೆ, ನಿಮಗೆ ಜಾಗ ಧಾರಾಳವಾಗಿದೆ.